ನಲವತ್ತೊಂದು ಗಿಡಕ್ಕೆ ಅರ್ಧ ಸೀರೆ

ಜರ್ಮನಿ ಯುದ್ಧದ ವರ್ಷಗಳಲ್ಲಿ ಕಲ್ಲಿದ್ದಲು ಬರುವುದು ನಿಂತು, ಹೊಸಪೇಟೆಯ ರೈಲು ಇಂಜಿನ್ನುಗಳು ಕಟ್ಟಿಗೆ ತಿನ್ನತೊಡಗಿದವು. ಅದೇನು ಸಾಮಾನ್ಯ ಹಸಿವೇ? ಇಪ್ಪತ್ತು ಆಳು ಮೂರು ದಿನ ಕಡಿದು ಬಂಡಿಗೆ ಹೇರಿದ್ದು ಒಂದೇ ಹೊತ್ತಿಗೆ ಬೂದಿ. ಊರ ಹಿಂದಿನ ಗುಡ್ಡವನ್ನು ಗುತ್ತಿಗೆ ಹಿಡಿದವನು ಎಲ್ಲೋ ದೂರದಲ್ಲಿ ಇದ್ದ. ಆಳುಗಳ ಮೇಸ್ತ್ರಿ ಮಾತ್ರ ಇದೇ ಊರಿನ ಉಚ್ಚೆಂಗಮ್ಮನ ಗಂಡ ಜಂಬಯ್ಯ.

ಉಚ್ಚೆಂಗಮ್ಮನ ಚಿಂತೆಯೇ ಬೇರೆ. ಗುಡ್ಡದ ಬುಡದ ಹನ್ನೆರಡು ಮನೆಗಳಿಗೆ ಸೇರಿ ಇದ್ದದ್ದು ಒಂದೇ ಒರತೆ. ಅದು ಬಿಟ್ಟರೆ ಎರಡು ಮೈಲಿ ಆಚೆಯ ಕಾಲುವೆಯೇ ಗತಿ. ಗುಡ್ಡದ ಆಚೆ ಮಗ್ಗುಲು ಬೋಳಾದ ವರ್ಷವೇ ಅಲ್ಲಿಯ ಒರತೆ ಹಾಳಾದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

“ಒರತಿ ಮ್ಯಾಲಿನ ಗಿಡ ಅಷ್ಟು ಬಿಟ್ಟುಬಿಡ್ರಿ,” ಎಂದು ಕೇಳಿದಳು.

“ನಾ ಬಿಟ್ರ ಇನ್ನೊಬ್ಬ ಕಡೀತಾನ. ರೊಟ್ಟಿ ಹಾಕು,” ಎಂದ ಜಂಬಯ್ಯ. ಉತ್ತರ ಹೊಳೆಯದಿದ್ದಾಗಲೆಲ್ಲ ಗಂಡಸರಿಗೆ ಹಸಿವಾಗುತ್ತದೆ.

ಆ ಕಡೆ ಒಂದು ರೂಢಿ ಇತ್ತು. ಗಿಡಕ್ಕೆ ಹಸಿರು ಬಟ್ಟೆ ಕಟ್ಟಿ, ಕುಂಕುಮ ಹಚ್ಚಿ, ಬುಡಕ್ಕೆ ಮೂರು ಕಲ್ಲು ಇಟ್ಟರೆ ಅದು ಊರಮ್ಮನ ಗಿಡ. ಅದಕ್ಕೆ ಕೊಡಲಿ ಹಾಕುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮರುದಿನ ನಸುಕಿನಲ್ಲಿ ಉಚ್ಚೆಂಗಮ್ಮ ಪೆಟ್ಟಿಗೆ ತೆಗೆದು, ಹಳದಿ ಅಂಚಿನ ತನ್ನ ಮದುವೆಯ ಹಸಿರು ಸೀರೆಯನ್ನು ಹೊರಗೆಳೆದಳು. ಅರ್ಧ ಹರಿದು ಚಿಂದಿ ಮಾಡಿದಳು. ಉಳಿದರ್ಧ ಹರಿಯಲು ಮನಸ್ಸು ಬಾರದೆ ಮಡಚಿ ಇಟ್ಟಳು. ಸಗಣಿ ಆಯಲು ಹೊರಟವಳಂತೆ ಬುಟ್ಟಿ ಹೊತ್ತು ಗುಡ್ಡ ಹತ್ತಿ, ತೋಳಿನಲ್ಲಿ ತಬ್ಬಲಾಗದ ಹೊನ್ನೆ, ದಿಂಡಿಗ, ಬೇವುಗಳನ್ನೇ ಹುಡುಕಿ ಕಟ್ಟಿದಳು. ನಲವತ್ತೊಂದು ಗಿಡವಾದವು. ನಡುವಿನ ಸಸಿ, ಕಂಟಿಗಳನ್ನು ಯಾರು ಕೇಳುತ್ತಾರೆ ಎಂದುಕೊಂಡು ಇಳಿದು ಬಂದಳು.

ಸಂಜೆ ಆಳುಗಳ ಬಾಯಲ್ಲಿ ಅದೇ ಸುದ್ದಿ, ಊರಮ್ಮ ಗುಡ್ಡಕ್ಕೆ ಬಂದು ನಿಂತಿದ್ದಾಳೆ ಎಂದು. ಜಂಬಯ್ಯ ಎಂದಿನಂತೆ ಉಂಡು ಎದ್ದ. ಉಚ್ಚೆಂಗಮ್ಮ ಒಲೆಯ ಕಡೆ ತಿರುಗಿ ನಕ್ಕಳು.

ಆದರೆ ಇಂಜಿನ್ನಿನ ಹೊಟ್ಟೆಗೆ ಊರಮ್ಮನ ಭಯ ಎಲ್ಲಿಯದು? ಆಳುಗಳು ದೊಡ್ಡ ಗಿಡಕ್ಕೆ ಕೈಮುಗಿದು, ಪಕ್ಕದ ಎಳೆ ಗಿಡ ಕಡಿದರು. ಅವು ಮುಗಿದ ಮೇಲೆ ಕವಳಿ, ಬಂದರಿಕೆ ಕಂಟಿಗಳನ್ನು ಸವರಿದರು. ಕಡೆಗೆ ಬೊಡ್ಡೆಗಳನ್ನು ಬೇರು ಸಮೇತ ಅಗೆದು ಹೇರಿದರು. ಗುಡ್ಡ ತಲೆ ಬೋಳಿಸಿ ಜುಟ್ಟು ಬಿಟ್ಟಂತಾಯಿತು. ಉಚ್ಚೆಂಗಮ್ಮ ದಿನವೂ ಕತ್ತೆತ್ತಿ ಎಣಿಸುತ್ತಿದ್ದಳು. ನಲವತ್ತೊಂದೂ ಇದ್ದವು. ಅಷ್ಟಕ್ಕೇ ಆಕೆಗೆ ಸಮಾಧಾನ.

ಮುಂಗಾರಿನ ಮಿರಗದ ಮಳೆ ಒಂದೇ ಮಧ್ಯಾಹ್ನ ಜಡಿದು ಸುರಿಯಿತು. ಹಿಡಿದುಕೊಳ್ಳಲು ಸಣ್ಣ ಬೇರುಗಳೇ ಇಲ್ಲದ ಕೆಂಪು ಮಣ್ಣು ಗುಡ್ಡ ಬಿಟ್ಟು ಇಳಿಯಿತು. ಮಳೆ ನಿಂತಾಗ ಒರತೆ ಇದ್ದಲ್ಲಿ ಆಳೆತ್ತರ ರಾಡಿ. ಹನ್ನೆರಡು ಮನೆಯವರೂ ನಾಲ್ಕು ದಿನ ಅಗೆದರು. ಹಸಿ ಮಣ್ಣು ಸಿಕ್ಕಿತೇ ಹೊರತು ನೀರು ಸಿಗಲಿಲ್ಲ. ಮೇಲೆ ದೊಡ್ಡ ಗಿಡಗಳು ಹಸಿರು ಬಟ್ಟೆ ಕಟ್ಟಿಕೊಂಡು ಹಾಗೇ ನಿಂತಿದ್ದವು.

ಐದನೆಯ ದಿನ ಬೆಳಿಗ್ಗೆ ಜಂಬಯ್ಯ ಗುದ್ದಲಿ ಬಿಸಾಕಿ, ಮನೆಯ ಮುಂದೆ ಕುಳಿತಿದ್ದ ಹೆಂಡತಿಯ ಪಕ್ಕ ಕುಕ್ಕರಿಸಿದ. ಮಳೆಗೆ ಕಳಚಿ ಬಂದು ರಾಡಿಯಲ್ಲಿ ಸಿಕ್ಕ ಒಂದು ಚಿಂದಿಯನ್ನು ಆಕೆಯ ಮಡಿಲಿಗೆ ಹಾಕಿದ. ಹಳದಿ ಅಂಚು ಇನ್ನೂ ಕಾಣುತ್ತಿತ್ತು.

“ನಮ್ಮ ಮದುವಿ ಸೀರಿ ನನಗ ಗುರ್ತು ಸಿಗೋದಿಲ್ಲೇನು? ಆಳುಗಳು ಊರಮ್ಮಗ ಅಂಜಿದ್ರು, ನಾ ನಿನಗ ಅಂಜಿದ್ದೆ. ನೀ ಕಟ್ಟಿದ್ದು ಒಂದೂ ಮುಟ್ಟಲಿಲ್ಲ,” ಎಂದ. ಕೈಯ ರಾಡಿ ಒರೆಸಿಕೊಳ್ಳುತ್ತ, “ಸಣ್ಣವಕ್ಕೂ ಕಟ್ಟಿದ್ರ ಅವನ್ನೂ ಬಿಡ್ತಿದ್ದೆ ನೋಡು,” ಎಂದ.

ಉಚ್ಚೆಂಗಮ್ಮನಿಗೆ ಅಳಬೇಕೆನಿಸಿತು, ಅವನಿಗೆ ಎರಡು ಬಾರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಉಳಿಸಿಟ್ಟಿದ್ದ ಅರ್ಧ ಸೀರೆಯನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು, ಅದರ ಮೇಲೆ ಖಾಲಿ ಕೊಡ ಹೊತ್ತು, ಕಾಲುವೆಯ ದಾರಿ ಹಿಡಿದಳು.