ಪಂಚಕಜ್ಜಾಯ ಕೊಡುವ ಕೈ

ಕ್ಷಮಿಸಿ, ನಿಮ್ಮ ಬೆನ್ನಿಗೆ ತಾಗಿದ್ದು ನನ್ನ ಕೈಯಲ್ಲ ಎಂದು ಹೇಳಬೇಕು, ಹೇಳಲಾರೆ, ಠಾಣೆ ಸ್ಟೇಷನ್ನಿನಲ್ಲಿ ಡೊಂಬಿವಲಿ ಕಡೆಯ ಫಾಸ್ಟ್ ಲೋಕಲ್ ರೈಲಿಗೆ ನುಗ್ಗಿದ ಮೇಲೆ ನನ್ನ ಕೈಗಳು ಎಲ್ಲಿವೆ ಎಂದು ನನಗೇ ಹುಡುಕಿಕೊಳ್ಳಬೇಕಾಗಿದೆ, ಒಂದು ಮೇಲಿನ ಹಿಡಿಯಲ್ಲಿ, ಒಂದು ಬಟ್ಟೆ ಚೀಲದ ಬಾಯಲ್ಲಿ, ತಾಗಿದ್ದು ಮೂರನೆಯದು, ಚೀಲದೊಳಗಿನದು, ಬಿಳಿ ಪ್ಲಾಸ್ಟಿಕ್ಕಿನದು, ಅದರ ಹೆಬ್ಬೆರಳು ಹೊರಗೆ ನಿಂತಿದೆ — ಮುಂದಿನವನು ಕತ್ತು ತಿರುಗಿಸಿ ಅಂಕಲ್, ಹಾಥ್ ಸಂಭಾಲೋ ಅನ್ನುತ್ತಾನೆ, ಸಾರಿ ಭಾಯ್ ಅನ್ನುತ್ತೇನೆ, ಹೆಬ್ಬೆರಳನ್ನು ಒಳಗೆ ತಳ್ಳುತ್ತೇನೆ, ಎಲಾಸ್ಟಿಕ್ ಕಟ್ಟಿದ ಬೆರಳು, ತಳ್ಳಿದಷ್ಟೂ ವಾಪಸ್ ಬರುತ್ತದೆ, ಅದು ಹಾಗೆ ಬರಬೇಕೆಂದೇ ನಾಲ್ಕು ತಿಂಗಳು ಒದ್ದಾಡಿದ್ದೇವೆ. ಇದನ್ನೆಲ್ಲ ಹೇಳಹೊರಡುವುದಕ್ಕೂ ಕ್ಷಮೆ ಕೇಳಬೇಕು, ಯಾರ ಹತ್ತಿರ ಎಂದು ಗೊತ್ತಿಲ್ಲ, ತಲೆಯೊಳಗೆ ಮಾತಾಡಿಕೊಳ್ಳುವವನಿಗೆ ಕೇಳುವವರು ಯಾರು, ಆದರೂ ರಾತ್ರಿ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು ಡಿಸೈನ್ ಎಂಬ ಪದ ಬಳಸುವ ಮೊದಲು ಒಮ್ಮೆ ಕ್ಷಮೆ ಕೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನಿನಗೇಕೆ ಇದು ವಸಂತಕುಮಾರ ಅನ್ನುವಂತಿಲ್ಲ.

ಐರೋಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ವರ್ಕ್‌ಶಾಪಿನವನು, ಲೇಥಿಗೆ ಎಣ್ಣೆ ಹಾಕುವುದು, ಕಬ್ಬಿಣ ಉಜ್ಜುವ ಅರ ಎಣಿಸಿ ಕೊಡುವುದು, ಎಣಿಸಿ ವಾಪಸ್ ತೆಗೆದುಕೊಳ್ಳುವುದು, ಅಷ್ಟೇ ಇತ್ತು, ಸೋನಾಲಿ ಮೇಡಮ್ ಹೆರಿಗೆ ರಜೆಗೆ ಹೋಗುವಾಗ ತಮ್ಮ ಡಿಸೈನ್ ಕ್ಲಾಸಿನ ಫೈಲನ್ನು ನನ್ನ ಮೇಜಿನ ಮೇಲಿಟ್ಟು ವಸಂತ್ ಸರ್, ಬಸ್ ಚಾರ್ ಮಹಿನೆ, ನಾಲ್ಕೇ ತಿಂಗಳು ಎಂದರು, ಏಳು ವರ್ಷದಲ್ಲಿ ನನ್ನನ್ನು ಸರ್ ಎಂದ ಮೊದಲ ಪ್ರೊಫೆಸರ್, ಆ ಸರ್ ಕೇಳಿದ ಮೇಲೆ ಆಗುವುದಿಲ್ಲ ಎನ್ನುವುದು ಹೇಗೆ. ಫೈಲಿನ ಮೊದಲ ಪುಟದಲ್ಲೇ ದೊಡ್ಡ ಅಕ್ಷರ — ಮಾಡುವ ಮೊದಲು, ಬಳಸುವವನನ್ನು ಕೇಳಿ. ಕೃತಕ ಕೈ ಮಾಡಬೇಕಿತ್ತು, ಹುಡುಗರು ಯಾರನ್ನೂ ಕೇಳದೆ ಆಗಲೇ ಪಟ್ಟಿ ಬರೆದಿದ್ದರು, ಮೊಬೈಲ್ ಹಿಡಿಯಬೇಕು, ಬೈಕಿನ ಆಕ್ಸಿಲರೇಟರ್ ತಿರುಗಿಸಬೇಕು, ಸೆಲ್ಫಿ ತೆಗೆಯಬೇಕು, ನಾನು ಹೆದರುತ್ತ ಹೆದರುತ್ತ ನನಗೊಬ್ಬರು ಗೊತ್ತು ಎಂದೆ, ಒಂದು ಭಾನುವಾರ ಎಂಟು ಮಂದಿಯನ್ನೂ ಡೊಂಬಿವಲಿಗೆ ಕರೆದುಕೊಂಡು ಬಂದೆ, ಸ್ಟೇಷನ್ ಹತ್ತಿರದ ಹೋಟೆಲಿನ ಹಿಂಬಾಗಿಲಲ್ಲಿ ಮಾಪಣ್ಣ ಎಡಗೈಯಲ್ಲಿ ಕೊತ್ತಂಬರಿ ಬಿಡಿಸುತ್ತಿದ್ದ. ಬಲಗೈಗೆ ಮಣಿಕಟ್ಟಿದೆ, ಅರ್ಧ ಅಂಗೈ ಇದೆ, ಬೆರಳಿಲ್ಲ. ಕ್ಯಾ ಕರ್ನಾ ಹೈ ಆಪ್‌ಕೋ ಇಸ್ ಹಾಥ್ ಸೆ, ಈ ಕೈಯಿಂದ ಏನು ಮಾಡಬೇಕು ಎಂದು ಮಾನಸಿ ಪೆನ್ನು ಹಿಡಿದು ಕೇಳಿದಳು — ಘೋಡಬಂದರ್ ರಸ್ತೆಯ ಹುಡುಗಿ, ಅಪ್ಪ ಕುಂದಾಪುರದವರು, ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ — ಮಾಪಣ್ಣ ಕೊತ್ತಂಬರಿ ಕೆಳಗಿಟ್ಟ, ಯೋಚಿಸಿದ, ಪಂಚಕಜ್ಜಾಯ ಹಂಚಬೇಕವ್ವಾ ಎಂದ.

ಮಂಡಳಿಯವರಿಗೆಲ್ಲ ಗೊತ್ತಿರುವ ಸಂಗತಿ, ನಮ್ಮ ಕರಾವಳಿಯವರ ಭಜನಾ ಮಂಡಳಿಯಲ್ಲಿ ವಿಜಾಪುರ ಕಡೆಯ ಮಾಪಣ್ಣ ಒಬ್ಬನೇ, ಶನಿವಾರ ಶನಿವಾರ ಬಾಳೆಲೆಯ ಮುಂದೆ ಕುಳಿತು ಬೆಲ್ಲ, ಕಾಯಿ, ಎಳ್ಳು, ಕಡ್ಲೆ, ಅರಳು ಕಲಸಿದ್ದನ್ನು ಬಂದವರ ಅಂಗೈಗೆ ಹಾಕುತ್ತಿದ್ದವನು ಅವನೇ, ಅವನ ಚಿಟಿಕೆ ದೊಡ್ಡದು, ಮಕ್ಕಳು ಎರಡು ಸಲ ಸಾಲಿಗೆ ಬರುತ್ತಿದ್ದವು. ಕೈ ಹೋದ ಮೇಲೆ ಎಡಗೈಯಲ್ಲಿ ಪ್ರಸಾದ ಕೊಡಲಿಕ್ಕೆ ಆಗುತ್ತದೆಯೇ, ಯಾರೂ ಬೇಡ ಎನ್ನಲಿಲ್ಲ, ಅವನೇ ಎದ್ದು ಹೋಗಿ ಬಾಗಿಲ ಬಳಿ ಚಪ್ಪಲಿ ನೋಡಿಕೊಳ್ಳುವ ಕಡೆ ಕುಳಿತ, ಹತ್ತು ವರ್ಷವಾಯಿತು, ಇನ್ನೂ ಅಲ್ಲೇ. ಹುಡುಗರಿಗೆ ಇದನ್ನು ಹಿಂದಿಯಲ್ಲಿ ವಿವರಿಸಿದೆ, ಮಾನಸಿ ಬರೆದುಕೊಂಡಳು, ಆಮೇಲೆ ಕೇಳಿದಳು, ಸರ್, ಪಂಚಕಜ್ಜಾಯ ಕಾ ಡೆನ್ಸಿಟಿ ಕಿತ್ನಾ. ಗೊತ್ತಿಲ್ಲ ಎಂದೆ, ಶಿಕ್ಷಕ ಗೊತ್ತಿಲ್ಲ ಎನ್ನಬಹುದೋ ಇಲ್ಲವೋ ಅದೂ ಗೊತ್ತಿಲ್ಲ. ಹಾಗಾಗಿ ಪ್ರಫುಲ್ಲಾ ಪ್ರತಿ ಗುರುವಾರ ಒಂದು ಡಬ್ಬ ಮಾಡಿಕೊಟ್ಟಳು, ನನ್ನ ಹೆಂಡತಿ, ಎಂತದಕ್ಕೆ ಎಂದು ಕೇಳಿದಳು, ಪರೀಕ್ಷೆಗೆ ಎಂದೆ, ದೇವರಿಗಿಡದೆ ಮಿಷನಿಗೆ ಇಡ್ತೀರಾ, ನಿಮ್ಮ ಕಾಲೇಜಿನಲ್ಲಿ ಕೇಳುವವರು ಯಾರೂ ಇಲ್ವಾ ಎಂದಳು, ಆದರೂ ಏಲಕ್ಕಿ ಹಾಕಿದಳು. ಮೊದಲ ವಾರ ತೂಕ ನೋಡುವ ಮೊದಲೇ ಹುಡುಗರು ತಿಂದರು, ಎರಡನೆಯ ವಾರ ತೂಕ ನೋಡಿ ತಿಂದರು, ಮೂರನೆಯ ವಾರ ಬೆಲ್ಲ ಬೆರಳ ಸಂದಿಗೆ ಅಂಟಿ ಕೈ ಮುಚ್ಚಿದ್ದು ತೆರೆಯಲಿಲ್ಲ, ಇರುವೆ ಬಂದವು, ಲ್ಯಾಬಿನ ತಕ್ಕಡಿಯೊಳಗೆ ಇರುವೆ ಹೋಗಿ ಫಿಸಿಕ್ಸಿನವರು ದೂರು ಕೊಟ್ಟರು, ಕಾರಣ ಬರೆದುಕೊಡಿ ಎಂದು ಮೆಮೊ ಬಂತು, ನಾನು ಎರಡು ಪುಟ ಬರೆದೆ, ಎಳ್ಳಿನಿಂದ ಶುರುಮಾಡಿ.

ಮುಂದಿನವನು ಇನ್ನೊಮ್ಮೆ ತಿರುಗುತ್ತಾನೆ, ಹೆಬ್ಬೆರಳು, ಸಾರಿ ಸಾರಿ — ಮಾಪಣ್ಣನೇ ಏಕೆ ಎಂದು ಹುಡುಗರು ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆ. ನಾವಿಬ್ಬರೂ ಅದೇ ಹೋಟೆಲಿನಲ್ಲಿದ್ದವರು, ನಾನು ಸಂಜೆ ಆರಕ್ಕೆ ಏಪ್ರನ್ ಬಿಚ್ಚಿ ಕ್ಲಾಸಿಗೆ ಓಡುತ್ತಿದ್ದೆ, ಸಂಜೆಯ ಗ್ರೈಂಡರ್ ಪಾಳಿ ಒಂದು ದಿನ ನನ್ನದು, ಒಂದು ದಿನ ಅವನದು, ನನ್ನ ಪಾಳಿಯ ದಿನಗಳಲ್ಲೂ ಹೋಗ್ರೀ ಮಾಸ್ತರ, ಓದ್ರಿ, ಉದ್ದು ನಾ ರುಬ್ತೀನಿ ಅನ್ನುತ್ತಿದ್ದ, ಆಗ ನಾನು ಯಾವ ಮಾಸ್ತರನೂ ಅಲ್ಲ, ಬಗಲಲ್ಲಿ ಪುಸ್ತಕ ಇದ್ದವನೆಲ್ಲ ಅವನಿಗೆ ಮಾಸ್ತರನೇ. ಅವನ ಕೈ ಗ್ರೈಂಡರಿಗೆ ಸಿಕ್ಕ ದಿನ ನಾನು ಕ್ಲಾಸಿನ ಬೆಂಚಿನ ಮೇಲೆ ಕುಳಿತು ಯಂತ್ರಗಳ ಸುರಕ್ಷತೆ ಎಂಬ ಪಾಠ ಬರೆದುಕೊಳ್ಳುತ್ತಿದ್ದೆ, ಇದು ನಾನು ಕಟ್ಟಿದ್ದಲ್ಲ, ನೋಟ್‌ಬುಕ್ ಈಗಲೂ ಇದೆ, ತಾರೀಕಿನ ಸಮೇತ, ತಿರುಗುವ ಭಾಗದ ಹತ್ತಿರ ಕೈ ಒಯ್ಯಬಾರದು ಎಂದು ನನ್ನದೇ ಅಕ್ಷರದಲ್ಲಿ. ಆ ದಿನ ಪಾಳಿ ಯಾರದ್ದಿತ್ತು, ಅದು ನೋಟ್‌ಬುಕ್ಕಿನಲ್ಲಿಲ್ಲ.

ರೈಲು ಪಾರ್ಸಿಕ್ ಸುರಂಗಕ್ಕೆ ನುಗ್ಗುತ್ತದೆ, ಗಾಳಿ ಕಿವಿಗೆ ಬಡಿಯುತ್ತದೆ, ಹೆಬ್ಬೆರಳು ಮತ್ತೆ ಯಾರಿಗೂ ಚುಚ್ಚದಿರಲಿ ಎಂದು ಹಿಡಿ ಬಿಟ್ಟು ಬಲಗೈಯನ್ನು ಚೀಲದೊಳಗೆ ಇಳಿಸುತ್ತೇನೆ, ಅದರ ಅಂಗೈಗೆ ನನ್ನ ಅಂಗೈ ಒತ್ತಿ ಹಿಡಿಯುತ್ತೇನೆ, ಎಷ್ಟು ಚೆನ್ನಾಗಿ ಕೂಡುತ್ತದೆ ನೋಡು, ಬೆರಳಿಗೆ ಬೆರಳು, ಹೆಬ್ಬೆರಳಿಗೆ ಹೆಬ್ಬೆರಳು, ಒಂದಿಷ್ಟೂ ಆಚೀಚೆ ಇಲ್ಲ, ನಮಸ್ಕಾರ ಮಾಡಿದ ಹಾಗೆ, ಅಳತೆ ಎಂದರೆ ಇದು, ಹುಡುಗರಿಗೆ ಎರಡು ಮಾರ್ಕ್ಸ್ ಹೆಚ್ಚು ಕೊಡಬಹುದಿತ್ತು — ನಮಸ್ಕಾರ ಮಾಡಿದ ಹಾಗೆ. ನಮಸ್ಕಾರ. ನನ್ನ ಬಲಗೈಗೆ ನಮಸ್ಕಾರದಲ್ಲಿ ಕೂಡುವ ಕೈ ಯಾವುದು. ಕೈ ಹೊರಗೆ ತೆಗೆದು, ಆ ನೂಕಿನಲ್ಲೇ, ನನ್ನ ಎಡಗೈಯನ್ನು ಕಣ್ಣೆದುರಿಗೆ ಹಿಡಿದು ನೋಡುತ್ತೇನೆ, ಚೀಲದೊಳಗೆ ನೋಡುತ್ತೇನೆ, ಎಡಗೈ, ಚೀಲ, ಎಡಗೈ, ಸುರಂಗ ಮುಗಿದು ಬೆಳಕು ಬರುತ್ತದೆ, ಬೆಳಕಿನಲ್ಲೂ ಚೀಲದೊಳಗಿರುವುದು ಎಡಗೈಯೇ.

ಇಲ್ಲ, ಹೀಗಾಗಲು ಸಾಧ್ಯವಿಲ್ಲ, ನಾನು ನೋಡಿಕೊಂಡಿದ್ದೆ, ಅದೇ ಒಂದನ್ನು ನೋಡಿಕೊಂಡಿದ್ದೆ. ಮಾಪಣ್ಣನ ಇರುವ ಎಡಗೈಯ ಅಚ್ಚು ತೆಗೆದೆವು, ಅದನ್ನು ಕಂಪ್ಯೂಟರಿನಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಬಲಗೈ, ಮಿರರ್ ಎಂಬ ಗುಂಡಿ ಒತ್ತಿದರೆ ಸಾಕು, ಮರೆಯಬೇಡಿ ಮರೆಯಬೇಡಿ ಎಂದು ಬೋರ್ಡಿನ ಮೇಲೆ ಮೂರು ಸಲ ಬರೆದಿದ್ದೆ, ಪ್ಲಾಸ್ಟಿಕ್ ಎರೆಯುವ ತ್ರೀಡಿ ಪ್ರಿಂಟರಿಗೆ ಹಾಕುವ ದಿನ ಊಟದ ಹೊತ್ತಿಗೆ ಲ್ಯಾಬಿನಲ್ಲಿ ಒಬ್ಬನೇ ಇದ್ದಾಗ ಅನುಮಾನ ಬಂತು, ಮರೆತಿದ್ದರೆ, ಮಕ್ಕಳು, ಅವರ ಗಮನ ಎಲ್ಲಿರುತ್ತದೋ, ಪರದೆಯ ಮೇಲಿನ ಕೈಯನ್ನು ಈ ಕಡೆ ತಿರುಗಿಸಿ ಆ ಕಡೆ ತಿರುಗಿಸಿ ನೋಡಿದೆ, ಅಂಗೈ ಯಾವುದು ಹಿಂಗೈ ಯಾವುದು ಎಂದೇ ತಲೆ ತಿರುಗಿತು, ಎಡಗೈಯ ಹಾಗೆಯೇ ಕಂಡಿತು, ನಾನೇ ಗುಂಡಿ ಒತ್ತಿದೆ, ಉಳಿಸಿದೆ, ನೆಮ್ಮದಿಯಿಂದ ಡಬ್ಬ ಬಿಚ್ಚಿ ಊಟ ಮಾಡಿದೆ. ಈಗ ಮಾನಸಿಗೆ ಫೋನ್ ಮಾಡುತ್ತೇನೆ, ಸರ್, ಮೈಂನೆ ತೋ ಮಂಗಲ್‌ವಾರ್ ಕೋ ಹೀ ಮಿರರ್ ಕಿಯಾ ಥಾ ಅನ್ನುತ್ತಾಳೆ, ಮಂಗಳವಾರವೇ, ಅಂದರೆ ನಾನು ಗುಂಡಿ ಒತ್ತುವ ಮೊದಲೇ, ದಿವಾ ಸ್ಟೇಷನ್ ದಾಟುತ್ತದೆ, ಸರ್, ಆಪ್‌ನೆ ಭೀ ಕಿಯಾ ಕ್ಯಾ. ಎರಡು ಸಲ ತಿರುಗಿದ ಕೈ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದಿದೆ. ಅವಳು ಸಮಾಧಾನ ಹೇಳುತ್ತಾಳೆ, ಕೋಯಿ ಬಾತ್ ನಹೀಂ ಸರ್, ಮಾರ್ಕ್ಸ್ ತೋ ಮಿಲ್ ಗಯೇ.

ಮಾರ್ಕ್ಸ್ ಸಿಕ್ಕಿವೆ, ಅದೂ ನಿಜ, ಎಂಟು ವಿದ್ಯಾರ್ಥಿಗಳು, ಇಬ್ಬರು ಪ್ರೊಫೆಸರರು, ಹೊರಗಿನಿಂದ ಬಂದ ಪರೀಕ್ಷಕರು, ಯಾರಿಗೂ ಗೊತ್ತಾಗಲಿಲ್ಲ, ಸ್ಟ್ಯಾಂಡಿಗೆ ಬಿಗಿದ ಕೈ ತಟ್ಟೆಯಿಂದ ಪಂಚಕಜ್ಜಾಯ ಎತ್ತಿ ಲೋಟಕ್ಕೆ ಹಾಕಿತು, ಪರೀಕ್ಷಕರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಎಕ್ಸಲೆಂಟ್ ಎಂದರು, ಕೈಗೋ ಏಲಕ್ಕಿಗೋ ತಿಳಿಯಲಿಲ್ಲ. ಕೊನೆಗೊಮ್ಮೆ ಮಾಪಣ್ಣನ ಕೈಗೆ ಹಾಕಿ ನೋಡಬೇಕಿತ್ತು, ಫೈಲಿನಲ್ಲಿ ಬರೆದಿತ್ತು, ಅವನಿಗೆ ರಜೆ ಸಿಗಲಿಲ್ಲ, ಮಣಿಕಟ್ಟಿನ ಪಟ್ಟಿ ಮಾತ್ರ ಹಾಕಿ ನೋಡಿದ್ದೆವು, ಅದು ಸರಿಯಿತ್ತು. ಈಗ ಪ್ರಿಂಟರಿನ ರೂಮಿಗೆ ಬೀಗ, ಕಾಲೇಜು ತೆರೆಯುವುದು ಜೂನಿನಲ್ಲಿ, ಇವತ್ತು ಮಂಡಳಿಯ ವಾರ್ಷಿಕ ಪೂಜೆ, ಈ ಸಲ ಪಂಚಕಜ್ಜಾಯ ತಾನೇ ಹಂಚುವುದು ಎಂದು ಮಾಪಣ್ಣ ಮೂರು ದಿನದಿಂದ ಊರಿಗೆಲ್ಲ ಹೇಳಿದ್ದಾನೆ. ಹಿಂದಕ್ಕೆ ಹೋಗಿಬಿಡಲೇ, ರೈಲಿನಲ್ಲಿ ಮರೆತೆ ಎನ್ನಲೇ, ಜನ ಕೊಡೆ ಮರೆಯುತ್ತಾರೆ, ಕೈ ಮರೆತೆ ಎಂದರೆ ಯಾರು ನಂಬುತ್ತಾರೆ. ದ್ರೌಪದಿ ಅಕ್ಕ ಬಿಡುವವರಲ್ಲ, ಮಂಡಳಿ ಶುರುವಾದಾಗಿನಿಂದ ಇರುವವರು, ಹೂವನ್ನು ಎಡಗೈಯಲ್ಲಿ ಕೊಟ್ಟ ಸೊಸೆಗೆ ಒಂದು ವರ್ಷ ಮಾತು ಬಿಟ್ಟವರು, ಅವರು ಕನ್ನಡಕ ಏರಿಸಿ ನೋಡುತ್ತಾರೆ, ತೋಳು ಬಲದ್ದು, ಕೈ ಎಡದ್ದು, ಈಗ ಪ್ರಸಾದ ಕೊಟ್ಟದ್ದು ಯಾವ ಕೈ, ಕಮಿಟಿ ಕರೆಯುತ್ತಾರೆ, ನನ್ನನ್ನು ನಡುವೆ ಕೂರಿಸುತ್ತಾರೆ, ವಸಂತ, ನೀನು ಇಂಜಿನಿಯರ್ ಕಾಲೇಜಿನವನಲ್ವಾ, ನೀನೇ ಹೇಳು ಮಗಾ, ನಾನು ವರ್ಕ್‌ಶಾಪಿನವನು ಅಕ್ಕ, ನನಗೆ ಅಷ್ಟೆಲ್ಲ —

ಡೊಂಬಿವಲಿ, ನೂಕಿದವರೇ ಇಳಿಸುತ್ತಾರೆ, ಸೇತುವೆ, ಮೆಟ್ಟಿಲು, ಮಲ್ಲಿಗೆ ಮಾರುವವಳು, ಹಾಲ್‌ನ ಬಾಗಿಲಲ್ಲಿ ಚಪ್ಪಲಿ ಕಾಯಲು ಯಾರೂ ಇಲ್ಲ, ಅಂದರೆ ಅವನು ಆಗಲೇ ಒಳಗಿದ್ದಾನೆ. ಬಿಳಿ ಅಂಗಿ, ಹತ್ತು ವರ್ಷದಿಂದ ಇಳಿಬಿಟ್ಟಿರುತ್ತಿದ್ದ ಬಲದ ತೋಳನ್ನು ಮೇಲಕ್ಕೆ ಮಡಚಿದ್ದಾನೆ, ಬೆರಳಿಲ್ಲದ ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಂಡಿದ್ದಾನೆ, ತರ್ರಿ ಮಾಸ್ತರ ಎಂದು ಚಾಚಿದ. ಮಾಪಣ್ಣ, ಒಂದು ತಪ್ಪಾಗಿದೆ ಎಂದೆ, ನನ್ನಿಂದಲೇ ಆಗಿದೆ ಎಂದೆ, ಅಷ್ಟರಲ್ಲಿ ಅವನು ಹಲ್ಲಿನಿಂದ ಪಟ್ಟಿ ಎಳೆದು ಕಟ್ಟಿಕೊಂಡಾಗಿತ್ತು, ಮಣಿಕಟ್ಟು ಬಗ್ಗಿಸಿದ, ಬೆರಳು ಮುಚ್ಚಿದವು, ಬಿಟ್ಟ, ತೆರೆದವು, ಇನ್ನೊಮ್ಮೆ, ಇನ್ನೊಮ್ಮೆ, ಹೆಬ್ಬೆರಳು ಕಿರುಬೆರಳಿರಬೇಕಾದ ಕಡೆ ಹೊರಗೆ ನಿಂತಿದೆ, ನನಗೆ ಬೇರೇನೂ ಕಾಣುತ್ತಿಲ್ಲ. ಇದು ಎಡಗೈ ಮಾಪಣ್ಣ, ಜೂನಿನಲ್ಲಿ ಬೇರೆ ಮಾಡಿಕೊಡುತ್ತೇನೆ. ಅವನು ಒಂದೊಂದಾಗಿ ಮುಟ್ಟಿ ನೋಡಿದ, ಐದು ಅದಾವಲ್ರೀ ಎಂದ, ಜೂನದಾಗ ಮಾಡ್ರಿ, ಬ್ಯಾಡಂತ ಅನ್ನಂಗಿಲ್ಲ, ಇವತ್ತು ಜನ ನಿಂತಾರ.

ಸಾಲಿನಲ್ಲಿ ಮೊದಲು ದ್ರೌಪದಿ ಅಕ್ಕನೇ, ಎಡದ ಮೇಲೆ ಬಲದ ಅಂಗೈ ಇಟ್ಟು ಚಾಚಿದರು, ಪ್ಲಾಸ್ಟಿಕ್ ಬೆರಳು ಬಾಳೆಲೆಗೆ ಇಳಿದವು, ಮುಚ್ಚಿದವು, ಎತ್ತಿದವು, ಅಕ್ಕನ ಅಂಗೈ ಮೇಲೆ ತೆರೆದವು, ಬೆಲ್ಲ ಅಂಟಲಿಲ್ಲ, ಅಕ್ಕ ಕನ್ನಡಕ ಏರಿಸಿದರು. ಇದೆಂತ ಮಾಪಣ್ಣ, ಹೆಬ್ಬೆಟ್ಟು ಆಚೆ ಉಂಟಲ್ಲ, ಯಾವ ಕೈ ಇದು. ಕೈ ಕಾಲೇಜಿಂದು ಅಕ್ಕಾರ, ಕೊಡಾಕತ್ತಾಂವ ನಾ ಎಂದ. ಅಕ್ಕ ನೋಡಿದರು, ಅವನ ಮುಖ, ಕೈ, ಅವನ ಮುಖ, ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡರು, ಚಿಟಿಕೆ ಈಗಲೂ ದೊಡ್ಡದೇ ಉಂಟು ಎಂದು ಹೇಳಿ ಮುಂದೆ ಹೋದರು, ನಾನು ರೈಲಿನಲ್ಲಿ ಅಷ್ಟು ಕಷ್ಟಪಟ್ಟು ಕೂಡಿಸಿದ್ದ ಕಮಿಟಿ ಸೇರಲೇ ಇಲ್ಲ. ಮಕ್ಕಳ ಸಾಲು, ಎರಡನೆಯ ಸಲ ಬಂದವು, ಮೂರನೆಯ ಸಲ ಬಂದವು, ಪ್ರಸಾದಕ್ಕಲ್ಲ, ಕೈಗೆ.

ನನ್ನ ಸರದಿ ಬಂದಾಗ ಕೇಳಬೇಕೆಂದಿದ್ದೆ, ಆ ದಿನ ಪಾಳಿ ಯಾರದ್ದಿತ್ತು ಮಾಪಣ್ಣ, ಹತ್ತು ವರ್ಷದಿಂದ ಕೇಳಬೇಕೆಂದಿರುವುದು, ಬಾಯಿ ತೆರೆದೆ, ಅವನು ಅಂಗೈಗೆ ಒಂದು ಸಲ ಹಾಕಿದ, ತಡೆದು ಇನ್ನೊಂದು ಸಲ ಹಾಕಿದ, ತಿನ್ರಿ ಮಾಸ್ತರ ಎಂದ, ಎರಡನೆಯದು ಏಕೆ ಎಂದು ಗೊತ್ತಿಲ್ಲ, ಅವನಿಗೆ ಆ ದಿನ ನೆನಪಿದೆಯೇ ಗೊತ್ತಿಲ್ಲ, ನೆನಪಿದ್ದೂ ಹೇಳದೆ ಇದ್ದಾನೆಯೇ ಗೊತ್ತಿಲ್ಲ, ಪಾಳಿ ಯಾರದ್ದಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಯ ಮಂಗಳಾರತಿಗೆ ಗಂಟೆ ಹೊಡೆಯುತ್ತದೆ, ಎಲ್ಲರೂ ಕೈ ಮುಗಿಯುತ್ತಾರೆ, ಎದುರಿಗೆ ಮಾಪಣ್ಣನೂ ಮುಗಿಯುತ್ತಾನೆ, ಹತ್ತು ವರ್ಷದ ಮೇಲೆ ಎರಡೂ ಕೈಯಿಂದ, ಕಣ್ಣು ಮುಚ್ಚಿದ್ದಾನೆ, ಅವನ ಸ್ವಂತ ಹೆಬ್ಬೆರಳು ಎದೆಯ ಕಡೆಗಿದೆ, ಇನ್ನೊಂದು, ಬಿಳಿಯದು, ಹೊರಗೆ ನಿಂತಿದೆ, ತುದಿಗೆ ಒಂದು ಎಳ್ಳು ಅಂಟಿದೆ, ನೆಟ್ಟಗೆ ನನ್ನ ಕಡೆಗೆ, ಹೊರಗೆ, ಆ ಹೆಬ್ಬೆರಳು.