ಏಳೂವರೆ ಗಂಟೆ ನಿದ್ದೆ

ನನ್ನ ಗಂಡ ಶಶಿಕುಮಾರ್ ತಮ್ಮ ಮಿದುಳನ್ನು ಕಾಪಾಡಿಕೊಳ್ಳಲು ಶುರುಮಾಡಿ ಎರಡು ವರ್ಷವಾಯಿತು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಅವರ ಭಯ ಸುಳ್ಳಲ್ಲ. ಅತ್ತೆ ಇಂದ್ರಮ್ಮನವರಿಗೆ ಮರೆವಿನ ಕಾಯಿಲೆ ಬಂದಾಗ ಡಾಕ್ಟರು, ಇದು ಕೆಲವು ಮನೆಗಳಲ್ಲಿ ಮಕ್ಕಳಿಗೂ ಬರುವುದುಂಟು, ಈಗಿನಿಂದಲೇ ಹುಷಾರಾಗಿರಿ ಎಂದಿದ್ದರು. ಆಗಷ್ಟೇ ನಿವೃತ್ತರಾಗಿದ್ದ ಮನುಷ್ಯ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಬೆಳಿಗ್ಗೆ ನಲವತ್ತು ನಿಮಿಷ ನಡಿಗೆ. ನೆನೆಸಿದ ಅಕ್ರೋಟು. ಪೇಪರಿನ ಪದಬಂಧ. ಮೊಬೈಲಿನಲ್ಲಿ ದಿನಕ್ಕೆ ಹತ್ತು ತಮಿಳು ಪದ. ಊಟಕ್ಕೆ ಸೊಪ್ಪು ಇರಲೇಬೇಕು, ಉಪ್ಪು ಕಡಿಮೆ, ಕಾಫಿಗೆ ಸಕ್ಕರೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಏಳೂವರೆ ಗಂಟೆ ನಿದ್ದೆ. ನಿದ್ದೆ ಮಾಡುವಾಗ ಮಿದುಳು ತನ್ನ ಕಸವನ್ನು ತಾನೇ ಗುಡಿಸಿಕೊಳ್ಳುತ್ತದಂತೆ. ಇದನ್ನು ಅವರು ನನಗೆ ತಿಳಿಸಿದ್ದು ನಾನು ಹಾಲ್ ಗುಡಿಸುತ್ತಿದ್ದಾಗ. ಕಾಲು ಎತ್ತಿಕೊಂಡು ಹೇಳಿದರು.

ಅಕ್ರೋಟು ನೆನೆಹಾಕುವವಳು ನಾನು. ನುಗ್ಗೆಸೊಪ್ಪು ಬಿಡಿಸುವವಳು ನಾನು. ಅವರಿಗೆ ಉಪ್ಪಿಲ್ಲದ ಹುಳಿ, ಅತ್ತೆಗೆ ಮೆತ್ತಗೆ ಕಲಸಿದ ಅನ್ನ. ಇರಲಿ, ಅಡುಗೆ ನನಗೆ ಭಾರವಲ್ಲ. ರಾತ್ರಿಯದೇ ಕಷ್ಟ. ಅತ್ತೆ ನಾಲ್ಕೈದು ಸಲ ಏಳುತ್ತಾರೆ. ಮನೆಗೆ ಹೋಗಬೇಕು ಎಂದು ಹಟ ಹಿಡಿಯುತ್ತಾರೆ. ಇದೇ ಮೂಡಲಪಾಳ್ಯದ ಮನೆಯಲ್ಲಿ ಮೂವತ್ತೈದು ವರ್ಷ ಬಾಳಿದವರು. ಯಾವ ಮನೆಗೆ ಎಂದು ಅವರಿಗೂ ಗೊತ್ತಿಲ್ಲ. ಒಂದು ಸಲ ಒಬ್ಬರೇ ಚಂದ್ರಾ ಲೇಔಟಿನವರೆಗೆ ನಡೆದುಬಿಟ್ಟಿದ್ದರು. ಅಂದಿನಿಂದ ನಾನು ಮುಂಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗುತ್ತೇನೆ. ಶಶಿಕುಮಾರ್ ಒಳಕೋಣೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು. ಯಾರೂ ಕೂತು ಹೀಗೆಂದು ತೀರ್ಮಾನ ಮಾಡಲಿಲ್ಲ. ಆಗಿಹೋಯಿತು, ಅಷ್ಟೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅತ್ತೆಗೆ ಬಿಪಿ ಮಾತ್ರೆಯನ್ನು ಎರಡು ಸಲ ಕೊಟ್ಟುಬಿಟ್ಟೆ. ಮೊದಲನೆಯದನ್ನು ಕೊಟ್ಟ ನೆನಪೇ ನನಗಿರಲಿಲ್ಲ. ಬಚ್ಚಲಿಗೆ ಹೋಗುವಾಗ ಅವರು ತಲೆ ಸುತ್ತಿ ಕುಸಿದರು; ಹೇಗೋ ಹಿಡಿದುಕೊಂಡೆ. ಸಂಜೆ ಮಾತ್ರೆಯ ಶೀಟು ನೋಡಿದಾಗಲೇ ಒಂದು ಮಾತ್ರೆ ಹೆಚ್ಚು ಖಾಲಿಯಾಗಿರುವುದು ಗೊತ್ತಾಯಿತು. ಅದಾದ ವಾರಕ್ಕೆ ಎದುರುಮನೆಯವರ ಹೆಸರು ಬಾಯಿಗೆ ಬರಲಿಲ್ಲ. ನರಸಮ್ಮ. ಇಪ್ಪತ್ತು ವರ್ಷದಿಂದ ದಿನಾ ಮಾತಾಡುವ ನರಸಮ್ಮ! ನನಗೂ ಶುರುವಾಯಿತೇ? ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೇನೋ ಎಂಬ ಹೆದರಿಕೆ. ನನಗೂ ಹೀಗೇ ಆದರೆ ಬಾಗಿಲಿಗೆ ಅಡ್ಡ ಮಲಗುವವರು ಯಾರು?

ಮೊನ್ನೆ ಬುಧವಾರ ಶಶಿಕುಮಾರರ ವರ್ಷದ ನೆನಪಿನ ಪರೀಕ್ಷೆ ಇತ್ತು. ಅತ್ತೆಯ ಹತ್ತಿರ ನರಸಮ್ಮನವರನ್ನು ಕೂರಿಸಿ ಇಬ್ಬರೂ ವಿಜಯನಗರದ ಕ್ಲಿನಿಕ್ಕಿಗೆ ಹೋದೆವು. ನಾನು ಹೋದದ್ದು ಫೈಲು ಹಿಡಿದುಕೊಳ್ಳಲು. ಡಾಕ್ಟರು ಮೂವತ್ತೈದು ದಾಟದ ಹೆಣ್ಣುಮಗಳು. ಐದು ಪದ ಹೇಳಿ, ಬೇರೆ ಏನೇನೋ ಕೇಳಿ, ಹತ್ತು ನಿಮಿಷದ ಮೇಲೆ ಆ ಐದನ್ನು ಹೇಳಿ ಎಂದರು. ಇವರು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಬೆನ್ನು ನೇರ ಮಾಡಿಕೊಂಡು, "ಬೀಗ, ಕಂಬಳಿ, ನದಿ, ಮಾವು, ಗಂಟೆ" ಎಂದರು.

"ತುಂಬಾ ಚೆನ್ನಾಗಿದೆ ಸಾರ್. ದಿನಾ ಯಾವ ಮಾತ್ರೆ ತಗೋತೀರ?"

ಇವರು ನನ್ನ ಮುಖ ನೋಡಿದರು. ನಾನು ಹೇಳಿದೆ.

"ತಾಯಿಯವರಿಗೆ ಈಗ ಯಾವ್ಯಾವ ಮಾತ್ರೆ ನಡೀತಿದೆ?"

ಮತ್ತೆ ನನ್ನ ಮುಖ. ಮತ್ತೆ ನಾನೇ ಹೇಳಿದೆ.

ಡಾಕ್ಟರು ನಕ್ಕರು. "ಸಾರ್, ನಿಮ್ಮ ನೆನಪು ಅರ್ಧ ಪಕ್ಕದ ಕುರ್ಚೀಲಿದೆ."

ಇವರೂ ನಕ್ಕರು. ನನಗೆ ನಗು ಬರಲಿಲ್ಲ. "ಡಾಕ್ಟ್ರೇ, ನನಗೂ ಒಂದ್ಸಲ ಕೇಳ್ತೀರಾ?" ಎಂದುಬಿಟ್ಟೆ.

"ನಿನಗ್ಯಾಕೆ?" ಎಂದರು ಶಶಿಕುಮಾರ್.

ಡಾಕ್ಟರು ಅವರಿಗೆ ಉತ್ತರ ಕೊಡದೆ ನನಗೆ ಬೇರೆ ಐದು ಪದ ಹೇಳಿದರು. ಹತ್ತು ನಿಮಿಷದ ಮೇಲೆ ನನಗೆ ಸಿಕ್ಕಿದ್ದು ಎರಡು. ಮೂರನೆಯದಕ್ಕಾಗಿ ಎಷ್ಟು ಹುಡುಕಿದೆನೆಂದರೆ ಕಣ್ಣಲ್ಲಿ ನೀರು ಬಂತು. ತಡೆಯಲಾಗದೆ ಮಾತ್ರೆಯ ವಿಷಯವನ್ನೂ ಹೇಳಿಬಿಟ್ಟೆ.

"ರಾತ್ರಿ ಎಷ್ಟು ಹೊತ್ತು ಮಲಗ್ತೀರ ಅಮ್ಮಾ?"

"ಮೂರು ಗಂಟೆ ಇರಬಹುದು. ಅದೂ ತುಂಡು ತುಂಡು."

"ಎಷ್ಟು ದಿನದಿಂದ?"

"ಎರಡು ವರ್ಷ."

ಅವರು ಪೆನ್ನು ಕೆಳಗಿಟ್ಟರು. "ಕಾಯಿಲೆ ಅಂತ ನಾನು ಈಗಲೇ ಹೇಳಲ್ಲ. ಇಷ್ಟು ಕಡಿಮೆ ಮಲಗಿದ್ರೆ ಯಾರಿಗಾದ್ರೂ ಹೀಗಾಗುತ್ತೆ. ಒಂದು ತಿಂಗಳು ಚೆನ್ನಾಗಿ ನಿದ್ದೆ ಮಾಡಿ ಬನ್ನಿ, ಆಮೇಲೆ ನೋಡೋಣ. ಆದ್ರೆ ಹೀಗೇ ವರ್ಷಗಟ್ಟಲೆ ನಡೆಸಬೇಡಿ, ಅದು ತಲೆಗೆ ಒಳ್ಳೇದಲ್ಲ." ಆಮೇಲೆ ಇವರ ಕಡೆ ತಿರುಗಿದರು. "ಸಾರ್, ನಿಮ್ಮ ನಡಿಗೆ, ಊಟ ಎಲ್ಲಾ ಸರಿಯಾಗಿದೆ. ನಿದ್ದೇನ ಮಾತ್ರ ಇಬ್ಬರೂ ಹಂಚ್ಕೊಳ್ಳಿ."

ಆಟೋದಲ್ಲಿ ವಾಪಸು ಬರುವಾಗ ಶಶಿಕುಮಾರ್ ಮಾರುತಿ ಮಂದಿರದ ಸಿಗ್ನಲ್ಲಿನಲ್ಲಿ, "ನನಗೊಂದು ಮಾತು ಹೇಳಬಾರದಿತ್ತಾ?" ಎಂದರು. ದಿನಾ ಬೆಳಿಗ್ಗೆ ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲೇ ಇವರ ಮುಂದೆ ಕಾಫಿ ಇಡುತ್ತೇನೆ. ಅದನ್ನೂ ಬಾಯಿ ಬಿಟ್ಟು ಹೇಳಬೇಕೇ? ಜಗಳಕ್ಕೂ ತ್ರಾಣ ಬೇಕು.

ಮನೆ ಸೇರಿದಾಗ ಒಂದೂವರೆ. ಅತ್ತೆ ಊಟ ಮುಗಿಸಿ ದಿವಾನದ ಮೇಲೆ ಒರಗಿದ್ದರು. ನರಸಮ್ಮ ಹೊರಟರು.

"ಮುಂದಿನ ತಿಂಗಳಿಂದ ಅಮ್ಮನ್ನ ನೋಡ್ಕೊಳ್ಳೋಕೆ ಯಾರಾದ್ರೂ ಹೆಂಗಸನ್ನ ಗೊತ್ತುಮಾಡೋಣ ಕಣೇ. ವಿಚಾರಿಸ್ತೀನಿ," ಎಂದರು ಇವರು.

"ವಿಚಾರಿಸಿ. ಇವತ್ತು ನೀವಿರಿ."

"ನಾನಾ? ಅಮ್ಮ ಏನಾದ್ರೂ ಕೇಳಿದ್ರೆ?"

"ಅವರು ನಿಮ್ಮ ಅಮ್ಮ ರೀ."

ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಮಂಚದ ಮೇಲೆ ಮಲಗಿದೆ. ಬೆನ್ನಿಗೆ ಹಾಸಿಗೆ ತಗಲಿದ್ದಕ್ಕೇ ಅಳು ಬಂತು. ಆದರೆ ರೂಢಿಯಾದ ಕಿವಿ ಎಲ್ಲಿ ಬಿಡುತ್ತದೆ! ಸ್ವಲ್ಪ ಹೊತ್ತಿಗೆ ಹಾಲಿನಿಂದ ಅತ್ತೆಯ ದನಿ ಕೇಳಿಸಿತು.

"ಜ್ಯೋತೀ..."

"ಏನಮ್ಮಾ? ಏನು ಬೇಕು?" ಇವರು.

"ನೀವ್ಯಾರು ಸ್ವಾಮಿ?"

"ನಾನಮ್ಮಾ, ಶಶಿ."

"ಶ್! ಮೆಲ್ಲಗೆ ಮಾತಾಡಿ. ಶಶಿ ಮಲಗಿದಾನೆ, ಅವನನ್ನ ಎಬ್ಬಿಸಬಾರದು. ಜ್ಯೋತೀನ ಕರೀರಿ."

ದಿನಾ ರಾತ್ರಿ ಅವರನ್ನು ಸುಮ್ಮನಾಗಿಸಲು ನಾನು ಹೇಳುವ ಮಾತು ಅದು. ಎಲ್ಲ ಮರೆತವರು ಇದೊಂದನ್ನು ಕಲಿತಿದ್ದರು.

ಆಮೇಲೆ ಇವರು ಬಾಗಿಲು ತಟ್ಟಿದರು. "ಜ್ಯೋತಿ, ಅಮ್ಮಂಗೆ ನಾನು ಯಾರು ಅಂತ ಗೊತ್ತಾಗ್ತಿಲ್ಲ ಕಣೇ." ನಿಜಕ್ಕೂ ಕನಿಕರವಾಯಿತು. ಏಳಬೇಕೆಂದು ಮೊಣಕೈ ಊರಿದೆ ಕೂಡ.

ಆಮೇಲೆ ಇನ್ನೂ ನಾಲ್ಕು ಸಲ ತಟ್ಟಿದರಂತೆ. ನನಗೆ ಕೇಳಿಸಲಿಲ್ಲ.