ಹೊಸ ಪತ್ರಗಳಿಲ್ಲ

ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟವಳು ಅಕ್ಕ. ಕಂಪ್ಯೂಟರಿನ ಮುಂದೆ ಕತ್ತು ಬಗ್ಗಿಸಿ ಗಂಟೆಗಟ್ಟಲೆ ಅಲುಗದೆ ಕೂರುತ್ತಿದ್ದವನಿಗೆ ಅದು ಎಷ್ಟು ಒಪ್ಪಿತ್ತೆಂದರೆ, ಅಮ್ಮನೂ ಹಾಗೇ ಕರೆಯತೊಡಗಿದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ನಡುವಿನ ಬಾಗಿಲಿಗೆ ಅಡ್ಡಲಾಗಿ ಫೋನಿನ ತಂತಿ. ಅಮ್ಮ ಅದನ್ನು ದಾಟುವಾಗಲೆಲ್ಲ ಗೊಣಗುತ್ತಿದ್ದಳು. ಈಗ ಗೊಣಗುವುದೂ ನಿಂತು ಮೂರು ವಾರವಾಗಿತ್ತು, ಏಕೆಂದರೆ ಅವಳು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ. ಡಾಕ್ಟರು ಅವನನ್ನು ಮೆಟ್ಟಿಲ ಹತ್ತಿರ ಕರೆದು, ನೋಡಬೇಕಾದವರನ್ನೆಲ್ಲ ಬೇಗ ಕರೆಸಿಕೊಳ್ಳಿ ಎಂದಿದ್ದರು.

ಅಮ್ಮನಿಗೆ ಬೇಕಾಗಿದ್ದವಳು ಒಬ್ಬಳೇ. "ಅಕ್ಕನಿಗೆ ಬರೆದ್ಯೇನೋ?"

"ಬರೆದೆ ಅಮ್ಮ."

"ಏನಂದ್ಲು?"

ಏನೂ ಅಂದಿರಲಿಲ್ಲ. ಎರಡು ತಿಂಗಳಿಂದ ಅಕ್ಕ ತುಟಿ ಪಿಟಕ್ ಅಂದಿರಲಿಲ್ಲ.

ಅವರಿಬ್ಬರ ಜಗಳ ಹಳೆಯದು. ಸಂಬಳ ಬರುವ ಕೆಲಸ ಬಿಟ್ಟು ಮನೆಯಲ್ಲಿ ಕೂತು ಪ್ರೋಗ್ರಾಮ್ ಬರೆಯುತ್ತೇನೆ ಎಂದು ಅವನು ಹೊರಟಾಗ, ನಕ್ಷೆ ಬರೆಯುವ ಕಚೇರಿಯಲ್ಲಿ ದುಡಿಯುತ್ತಿದ್ದ ಅಕ್ಕ ಮೂಗು ಮುರಿದಿದ್ದಳು. ಅದು ಫೋನ್ ಲೈನಿನಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲ, ನಿಮಿಷಕ್ಕಿಷ್ಟು ಎಂದು ಬಿಲ್ಲು. ಅವನ ಪ್ರೋಗ್ರಾಮಿನ ಹೆಸರು ಓಲೆಕಾರ. ತಾನೇ ಡಯಲ್ ಮಾಡಿ, ಬರೆದಿಟ್ಟ ಮೇಲ್‌ಗಳನ್ನು ಕಳಿಸಿ, ಬಂದದ್ದನ್ನು ಎಳೆದುಕೊಂಡು, ಒಂದೂವರೆ ನಿಮಿಷದಲ್ಲಿ ಲೈನ್ ಕತ್ತರಿಸುತ್ತಿತ್ತು. ಮೂವತ್ತು ದಿನ ಪುಕ್ಕಟೆ. ಆಮೇಲೆ ಒಂದು ಸಿನಿಮಾ ಟಿಕೆಟ್ಟಿನಷ್ಟು ಕೊಟ್ಟರೆ ಒಂದು ನೋಂದಣಿ ಸಂಖ್ಯೆ. ಕೊಡದಿದ್ದರೂ ಓಡುತ್ತಿತ್ತು, ತೆರೆದಾಗಲೆಲ್ಲ ಒಂದು ಸಣ್ಣ ಕಿಟಕಿ ಬಂದು, ಇಷ್ಟವಾಗಿದ್ದರೆ ದಯವಿಟ್ಟು ಹಣ ಕಳಿಸಿ ಎನ್ನುತ್ತಿತ್ತು ಅಷ್ಟೆ. ಶೇರ್‌ವೇರ್ ಎಂದರೆ ಇದೇ. ಜನರ ಮರ್ಯಾದೆ ನಂಬಿ ಇಟ್ಟ ಅಂಗಡಿ. ಎಷ್ಟು ಚೆನ್ನಾಗಿ ನಡೆದಿರಬಹುದು, ನೀವೇ ಊಹಿಸಿ!

"ಕಿಟಕಿ ತೆಗೆದು ಭಿಕ್ಷೆ ಬೇಡೋ ಪ್ರೋಗ್ರಾಮು" ಎಂದು ಅಕ್ಕ ನಾಲ್ಕು ಜನರ ಮುಂದೆ ಅಂದುಬಿಟ್ಟಳು. ಅವನೂ ಬಿಡಲಿಲ್ಲ, ಗಂಡನ ಜೊತೆ ಬಾಳಲಾಗದವಳಿಂದ ಬುದ್ಧಿ ಕಲಿಯುವ ಗತಿ ತನಗೆ ಬಂದಿಲ್ಲ ಎಂದ. ಆಡಬಾರದ ಮಾತು ಅದು. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು, "ಈ ಮನೆ ಮೆಟ್ಟಿಲು ತುಳಿಯಲ್ಲ, ಈ ಮನೆಗೆ ಫೋನೂ ಮಾಡಲ್ಲ" ಎಂದು ಹೋದವಳು, ಬೇರೆ ಊರಲ್ಲಿ ಕೆಲಸ ಹಿಡಿದು ವಿಳಾಸವನ್ನೂ ಕೊಡಲಿಲ್ಲ. ಅಮ್ಮನಿಗೋಸ್ಕರ ಮೇಲ್ ವಿಳಾಸವೊಂದನ್ನು ಬಿಟ್ಟಿದ್ದಳು. ಅಮ್ಮನ ಕಣ್ಣು ಮಂಜಾಗಿತ್ತು. ಅಮ್ಮ ಹೇಳಿದ್ದನ್ನು ಅವನು ಬರೆಯುತ್ತಿದ್ದ, ಅಕ್ಕ ಬರೆದದ್ದನ್ನು ಅವನು ಓದಿ ಹೇಳುತ್ತಿದ್ದ. ತಾಯಿ ಮಗಳ ನಡುವೆ ಇದ್ದ ದಾರಿ ಅದೊಂದೇ.

ಇಷ್ಟರಲ್ಲಿ ಕಳ್ಳತನ ಶುರುವಾಯಿತು. ಯಾರೋ ಪುಣ್ಯಾತ್ಮರು ಓಲೆಕಾರನ ನೋಂದಣಿ ಸಂಖ್ಯೆಗಳನ್ನು ಇಂಟರ್ನೆಟ್ಟಿನಲ್ಲಿ ಸಾಲಾಗಿ ಹಾಕಿದ್ದರು. ಯಾವನು ಬೇಕಾದರೂ ಎತ್ತಿ ಹಾಕಿಕೊಳ್ಳಬಹುದು. ಅದನ್ನು ನೋಡಿದ ದಿನ ಕೊಕ್ಕರೆಗೆ ಅನ್ನ ಸೇರಲಿಲ್ಲ. ಕದ್ದ ಸಂಖ್ಯೆಯನ್ನು ಸುಮ್ಮನೆ ತಿರಸ್ಕರಿಸಿದ್ದರೆ ಆಗುತ್ತಿತ್ತು, ಎಲ್ಲರೂ ಮಾಡುವುದು ಅದನ್ನೇ. ಅವನಿಗೆ ಅಷ್ಟು ಸಾಲಲಿಲ್ಲ. ಕಳ್ಳರು ಸಂಖ್ಯೆ ತಿರಸ್ಕೃತವಾದರೆ ಇನ್ನೊಂದನ್ನು ಹುಡುಕುತ್ತಾರೆ, ಹುಡುಕಬಾರದು, ನರಳಬೇಕು. ನಾಲ್ಕನೇ ಆವೃತ್ತಿಯಲ್ಲಿ ಆ ಪಟ್ಟಿಯನ್ನೇ ಒಳಗೆ ಹುದುಗಿಸಿದ. ಅದರಲ್ಲಿದ್ದ ಸಂಖ್ಯೆ ಸಿಕ್ಕರೆ ಓಲೆಕಾರ ಎಂದಿನಂತೆ ಡಯಲ್ ಮಾಡುವನು, ಒಂದೂವರೆ ನಿಮಿಷ ಕಾಯುವನು, ಏನನ್ನೂ ಕಳಿಸದೆಯೇ 'ಕಳುಹಿಸಲಾಗಿದೆ' ಎನ್ನುವನು, ಏನನ್ನೂ ತರದೆಯೇ 'ಹೊಸ ಪತ್ರಗಳಿಲ್ಲ' ಎನ್ನುವನು. ಅಷ್ಟೇ. ಸಾಯಿರಿ, ನಿಮಗೆ ಯಾರೂ ಬರೆಯುತ್ತಿಲ್ಲ ಎಂದುಕೊಂಡು ಸಾಯಿರಿ!

ಅದನ್ನು ಬರೆದು ಮುಗಿಸಿದ ಮಧ್ಯಾಹ್ನ ಅವನು ಒಬ್ಬನೇ ಗಹಗಹಿಸಿ ನಕ್ಕ. ಅದೇ ದಿನ ಅಮ್ಮನ ಮೇಲ್ ಕಳಿಸುವಾಗ ಕೆಳಗೆ ತನ್ನದೊಂದು ಸಾಲು ಸೇರಿಸಿದ: 'ನಿನ್ನ ಭಿಕ್ಷುಕ ತಮ್ಮ ನಾಲ್ಕನೇ ಆವೃತ್ತಿ ಬಿಟ್ಟಿದ್ದಾನೆ, ಪುರುಸೊತ್ತಾದರೆ ನೋಡು.' ಅಕ್ಕ ಅದಾದ ಮೇಲೆ ಬರೆಯಲೇ ಇಲ್ಲ. ಕುಟುಕಿದ್ದು ನಾಟಿತು ಎಂದುಕೊಂಡ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಬೇಕು.

ಅಮ್ಮ ಹಾಸಿಗೆ ಹಿಡಿದ ಮೇಲೆ ಆರು ಮೇಲ್ ಹಾಕಿದ. ಮೊದಲನೆಯದರಲ್ಲಿ ಬಿಂಕವಿತ್ತು. ಆರನೆಯದರಲ್ಲಿ ಇದ್ದದ್ದು ಇಷ್ಟೇ: 'ಅಕ್ಕ, ಅಮ್ಮ ಕೇಳ್ತಿದ್ದಾಳೆ. ಬಾ.'

"ಅವಳ ಗೆಳತಿ ಇದ್ದಾಳಲ್ಲೋ, ಬಟ್ಟೆ ಹೊಲಿಯೋಳು" ಎಂದಳು ಅಮ್ಮ ಒಂದು ಬೆಳಿಗ್ಗೆ, ಉಸಿರು ಎಳೆದುಕೊಳ್ಳುತ್ತ. "ಅವಳಿಗೆ ಮನೆ ಗೊತ್ತಿರತ್ತೆ. ಹೋಗಿ ಕೇಳು, ಮಗಾ."

ದರ್ಜಿಯ ಅಂಗಡಿ ಎರಡು ಬೀದಿ ಆಚೆಗಿತ್ತು. ಅವತ್ತು ಜಗಳ ಕೇಳಿಸಿಕೊಂಡ ನಾಲ್ಕು ಜನರಲ್ಲಿ ಅವಳೂ ಒಬ್ಬಳು. ಅವಳ ಮುಂದೆ ಹೋಗಿ ಕೈಕಟ್ಟಿ ನಿಲ್ಲುವುದೇ? "ಆರು ಸಲ ಬರೆದಿದೀನಮ್ಮ" ಎಂದು ರೇಗಿದ. "ಓದಿರ್ತಾಳೆ. ಓದಿಯೂ ಬರದೆ ಇರೋಳನ್ನ ಕತ್ತು ಹಿಡಿದು ಎಳ್ಕೊಂಡು ಬರ್ಲಾ? ಅವಳು ಬರಲ್ಲ, ಬಿಡು."

ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಮತ್ತೆ ಕೇಳಲಿಲ್ಲ. ನಾಲ್ಕು ದಿನ ಕಳೆದು, ಅವನು ಹಾಲು ಕಾಯಿಸುತ್ತಿದ್ದಾಗ, ಸದ್ದಿಲ್ಲದೆ ಹೋಗಿಬಿಟ್ಟಳು.

ಒಂಬತ್ತು ದಿನದ ನಂತರ ಅಂಚೆಯಲ್ಲಿ ಕಾಗದವೊಂದು ಬಂತು, ಅಮ್ಮನ ಹೆಸರಿಗೆ, ಅಕ್ಕನ ಅಕ್ಷರ. 'ಅಮ್ಮಾ, ಎರಡು ತಿಂಗಳಲ್ಲಿ ಹತ್ತೊಂಬತ್ತು ಮೇಲ್ ಹಾಕಿದೆ. ಒಂದಕ್ಕೂ ಉತ್ತರ ಇಲ್ಲ. ಕೊಕ್ಕರೆ ನಿನಗೆ ಓದಿ ಹೇಳ್ತಿಲ್ಲ ಅಂತ ಕಾಣತ್ತೆ. ಈ ಕಾಗದವನ್ನ ಪಕ್ಕದ ಮನೆಯವರ ಹತ್ರ ಓದಿಸ್ಕೋ.' ಕೊನೆಯಲ್ಲಿ ವಿಳಾಸವಿತ್ತು.

ಕೊಕ್ಕರೆಯ ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತಂತೆ! ಸುಳ್ಳಿಗೂ ಒಂದು ಮಿತಿ ಬೇಡವೇ? ತನ್ನ ಆರು ಮೇಲ್‌ಗಳನ್ನೂ ತಾರೀಖಿನ ಸಮೇತ ಮುದ್ರಿಸಿ, ಮಡಚಿ ಜೇಬಿಗಿಟ್ಟುಕೊಂಡ. ಅವಳ ಮುಖದ ಮೇಲೆ ಎಸೆದು ಬರುತ್ತೇನೆ ಎಂದುಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿದ.

ಬಾಗಿಲು ತೆರೆದವಳ ಮುಖ ಅವನನ್ನು ಕಂಡು ಅರಳಿತು. "ಅಮ್ಮ ಕಳಿಸಿದ್ಲಾ?"

ಬಾಯಿಪಾಠ ಮರೆತುಹೋಯಿತು. "ಅಮ್ಮ ಇಲ್ಲ ಅಕ್ಕ. ಹತ್ತು ದಿನ ಆಯ್ತು."

ಅಕ್ಕ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಎಷ್ಟು ಹೊತ್ತು ಅತ್ತಳೋ. ಆಮೇಲೆ ಎದ್ದವಳು ಅವನ ಅಂಗಿ ಹಿಡಿದು ಜಗ್ಗಿದಳು. "ಒಂದು ಮಾತು ಹೇಳಬೇಕು ಅನ್ನಿಸ್ಲಿಲ್ವೇನೋ ನಿಂಗೆ? ಪಾಪಿ!"

"ಆರು ಸಲ ಬರ್ದಿದೀನಿ!" ಅವನು ಜೇಬಿನಿಂದ ಹಾಳೆಗಳನ್ನು ಎಳೆದ.

"ಒಂದೂ ಬಂದಿಲ್ಲ! ದಿನಾ ಎರಡು ಹೊತ್ತು ನೋಡಿದೀನಿ. ಬಾ ಇಲ್ಲಿ, ನೀನೇ ನೋಡು!"

ಒಳಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಅಕ್ಕ ಒಂದು ಗುಂಡಿ ಒತ್ತಿದಳು. ಮೋಡೆಮ್ ಕೀರಲು ದನಿಯಲ್ಲಿ ಕೂಗಿ ಸುಮ್ಮನಾಯಿತು. ಪರದೆಯ ಮೇಲೆ ಓಲೆಕಾರ, ನಾಲ್ಕನೇ ಆವೃತ್ತಿ. ಒಂದೂವರೆ ನಿಮಿಷ. 'ಹೊಸ ಪತ್ರಗಳಿಲ್ಲ.'

ಕೊಕ್ಕರೆ ಪರದೆಯ ಹತ್ತಿರಕ್ಕೆ ಬಗ್ಗಿದ. "ಯಾವಾಗ ಹಾಕ್ಕೊಂಡೆ ಇದನ್ನ?"

"ನೀನು ಬರೆದ ಸಂಜೆಯೇ. ಭಿಕ್ಷುಕ ತಮ್ಮ ಅಂತ ಬರೆದಿದ್ದೆಯಲ್ಲ, ಓದಿ ಅಳು ಬಂತು ನಂಗೆ."

"ಸಂಖ್ಯೆ ಎಲ್ಲಿಂದ ಕದ್ದೆ?"

"ಕದಿಯೋದಾ?" ಅಕ್ಕ ಅವನನ್ನೇ ದುರುಗುಟ್ಟಿ ನೋಡಿದಳು. "ದುಡ್ಡು ಕೊಟ್ಟು ತಗೊಂಡಿದ್ದು ಕಣೋ, ನೀನು ಶುರು ಮಾಡಿದ ವರ್ಷಾನೇ. ನನ್ನ ಹೆಸರು ಹೇಳಿದ್ರೆ ನಿಂಗೆ ಕೊಬ್ಬು ಬರತ್ತೆ ಅಂತ ದರ್ಜಿ ಹೆಸರಲ್ಲಿ ಕಳಿಸಿದ್ದೆ. ಆಫೀಸಲ್ಲಿ ಎಲ್ಲರಿಗೂ ಅದೇ ಸಂಖ್ಯೆ ಒತ್ತಿ ನಾನೇ ಹಾಕ್ಕೊಟ್ಟೆ, ನನ್ನ ತಮ್ಮ ಮಾಡಿದ್ದು ಅಂತ. ಯಾಕೆ, ಹಂಚಬಾರದಿತ್ತಾ? ಹಂಚಿ ಅಂತ ನೀನೇ ಬರ್ದಿದ್ಯಲ್ಲ ಅದರ ಮೇಲೆ?"

ಪ್ರೋಗ್ರಾಮ್ ಹಂಚಿ, ಸಂಖ್ಯೆ ಹಂಚಬೇಡಿ. ಈ ಕಸುಬಿನ ಯಾವ ಹುಚ್ಚನಿಗೂ ಗೊತ್ತಿರುವ ವ್ಯತ್ಯಾಸ ಅದು. ನಕ್ಷೆ ಬರೆಯುವ ಅಕ್ಕನಿಗೆ ಗೊತ್ತಿರಲಿಲ್ಲ. ಆಫೀಸಿನ ಯಾರ ಕೈಯಿಂದಲೋ ಅವಳ ಸಂಖ್ಯೆ ಜಾರಿ, ಕಳ್ಳರ ಪಟ್ಟಿಗೆ ಬಿದ್ದು, ಅಲ್ಲಿಂದ ಅವನ ಪಟ್ಟಿಗೆ ಬಂದಿತ್ತು. ಅವನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದ, ತಲೆ ಎತ್ತದೆ ಹೇಳಿದ. ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿಸಿದಳು.

ಹೊಸ ಸಂಖ್ಯೆಯೊಂದನ್ನು ಒತ್ತಿ, ಮತ್ತೆ ಡಯಲ್ ಮಾಡಿದ. ಈ ಸಲ ಓಲೆಕಾರ ನಿಯತ್ತಾಗಿ ಕೆಲಸ ಮಾಡಿದ. ಅಮ್ಮನ ಹೆಸರಿಗೆ ಬರೆದು, ಹೋಗದೆ ಒಳಗೇ ಉಳಿದಿದ್ದ ಹತ್ತೊಂಬತ್ತು ಮೇಲ್‌ಗಳು ಒಂದೊಂದಾಗಿ ಹೊರಟುಹೋದವು, ಖಾಲಿ ಮನೆಗೆ. ಸರ್ವರಿನಲ್ಲಿ ಬಿದ್ದುಕೊಂಡಿದ್ದ ಅಮ್ಮನ ಮಾತುಗಳೂ ಅವನ ಆರು ಮೇಲ್‌ಗಳೂ ಒಳಗೆ ಬಂದವು. ಅಕ್ಕ ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಓದಿದಳು, ಬೆರಳಿನಿಂದ ಸಾಲು ಸಾಲು ಹಿಡಿದು. 'ಬಾ' ಎಂಬಲ್ಲಿ ಬೆರಳು ನಿಂತಿತು.

"ಅಮ್ಮ ನನ್ನ ಕೇಳ್ತಿದ್ಲಾ?"

"ದಿನಾ."

"ನೀನೇನಂದೆ ಅವಳಿಗೆ?"

ಲೈನ್ ಕೆಟ್ಟಿದೆ ಅಂದೆ, ಅಕ್ಕ ಹೊರಟಿದ್ದಾಳೆ ಅಂದೆ, ಹೀಗೆ ಏನಾದರೊಂದು ಹೇಳಬಹುದಿತ್ತು. ಕೇಳಲು ಅಮ್ಮ ಇರಲಿಲ್ಲ, ಸಾಕ್ಷಿಗೆ ಯಾರೂ ಇರಲಿಲ್ಲ.

"ಓದಿರ್ತಾಳೆ, ಬರಲ್ಲ ಅಂದೆ."

ಅಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ. "ನಂಬಿದ್ಲಾ?" ಎಂದಳು.

"ನಂಬಿದ್ಲು."

ಅಕ್ಕ ಎದ್ದು ಹೋಗಿ ಹೊರಬಾಗಿಲು ತೆರೆದು ಪಕ್ಕಕ್ಕೆ ನಿಂತಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ.